ಕ್ಲಿಪ್ ಇಲ್ಲದ ಹೋಲ್‌ಸ್ಟರ್: ಕ್ಲಿಪ್ಪಿನ ಕೆಲಸವನ್ನು ಯಾವುದಕ್ಕೆ ಒಪ್ಪಿಸುತ್ತೀರಿ?

ಕಚ್ಚುವ ಚಪ್ಪಲಿಯನ್ನು ಯಾರೂ ಬಹಳ ದಿನ ಹಾಕಿಕೊಳ್ಳುವುದಿಲ್ಲ. ಎರಡು ದಿನ ಸಹಿಸಿ ಮೂರನೆಯ ದಿನ ಮೂಲೆಗೆ ತಳ್ಳುತ್ತಾರೆ. ಸೊಂಟಕ್ಕೆ ಚುಚ್ಚುವ ಹೋಲ್‌ಸ್ಟರಿನ, ಅಂದರೆ ಪಿಸ್ತೂಲಿನ ಒರೆಯ, ಗತಿಯೂ ಅದೇ. ಆದರೆ ಅದನ್ನು ಬಿಚ್ಚಿಟ್ಟಾಗ ಒಳಗೆ ಗುಂಡು ತುಂಬಿದ ಪಿಸ್ತೂಲು ಇರುತ್ತದೆ. ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲೋ, ಕಚೇರಿಯ ಡ್ರಾಯರಿನಲ್ಲೋ, ಮಂಚದ ಪಕ್ಕದ ಮೇಜಿನ ಮೇಲೋ ಅದು ಉಳಿದುಬಿಡುತ್ತದೆ. ಅಲ್ಲಿಗೆ ಮಕ್ಕಳ ಕೈಯೂ ಎಟಕುತ್ತದೆ, ಕಳ್ಳನ ಕೈಯೂ ಎಟಕುತ್ತದೆ. ಪರವಾನಗಿ ಪಡೆದು ಆಯುಧವನ್ನು ಬಟ್ಟೆಯ ಮರೆಯಲ್ಲಿ ಒಯ್ಯುವವರು ಮೈಗೆ ಒಗ್ಗುವ ಹೋಲ್‌ಸ್ಟರಿಗಾಗಿ ತಿಂಗಳುಗಟ್ಟಲೆ ಹುಡುಕಿದರೆ ಅದನ್ನು ನಾನು ಶೋಕಿಯೆಂದು ಎಣಿಸುವುದಿಲ್ಲ. ಮೈಮೇಲೆ ಉಳಿಯುವ ಆಯುಧವಷ್ಟೇ ಒಡೆಯನ ಹತೋಟಿಯಲ್ಲಿರುತ್ತದೆ.

ಈ ಹುಡುಕಾಟದಲ್ಲಿ ಬೇಗನೆ ಎದುರಾಗುವ ಮಾತು ‘ಕ್ಲಿಪ್ ಇಲ್ಲದ್ದು’. ಕ್ಲಿಪ್ ಎಂದರೆ ಹೋಲ್‌ಸ್ಟರನ್ನು ಬೆಲ್ಟಿಗೆ ಸಿಕ್ಕಿಸುವ ಕೊಂಡಿ. ಬೆಲ್ಟಿನ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಕೊಂಡಿ ಕಾಣಿಸುವುದಿಲ್ಲ, ಸೊಂಟದ ಮೂಳೆಗೆ ಗಟ್ಟಿಯಾದುದೇನೂ ಒತ್ತುವುದಿಲ್ಲ, ಹಾಕುವುದೂ ತೆಗೆಯುವುದೂ ಸಲೀಸು. ಇವೆಲ್ಲ ನಿಜವೇ. ಆದರೆ ಕ್ಲಿಪ್ಪನ್ನು ಕಿತ್ತುಹಾಕಿದ ಮಾತ್ರಕ್ಕೆ ಅದು ಮಾಡುತ್ತಿದ್ದ ಕೆಲಸ ಇಲ್ಲವಾಗುವುದಿಲ್ಲ. ಕ್ಲಿಪ್ ಮೂರು ಕೆಲಸ ಮಾಡುತ್ತದೆ. ಪಿಸ್ತೂಲು ಒಂದೇ ಎತ್ತರದಲ್ಲಿ ನಿಲ್ಲುವಂತೆ, ಕೆಳಗೆ ಜಾರದಂತೆ ಹಿಡಿಯುತ್ತದೆ. ಅದು ಅತ್ತಿತ್ತ ತಿರುಗದಂತೆ ನೋಡಿಕೊಳ್ಳುತ್ತದೆ. ಪಿಸ್ತೂಲನ್ನು ಎಳೆದಾಗ ಒರೆಯೂ ಜೊತೆಗೇ ಎದ್ದು ಬರದಂತೆ ತಡೆಯುತ್ತದೆ. ಈ ಮೂರನ್ನೂ ಬೇರೊಂದು ವಸ್ತು ಮಾಡಲೇಬೇಕು: ಘರ್ಷಣೆ, ಜೇಬು, ಎಲಾಸ್ಟಿಕ್ ಪಟ್ಟಿ ಅಥವಾ ಒಂದು ಹುರಿ. ಯಾವ ಹೋಲ್‌ಸ್ಟರನ್ನು ಕೈಗೆತ್ತಿಕೊಂಡರೂ ಈ ಮೂರು ಕೆಲಸವನ್ನು ಇದರಲ್ಲಿ ಯಾವುದು ಮಾಡುತ್ತಿದೆ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಅದನ್ನು ಅಲ್ಲಿಯೇ ಬಿಡಿ.

ಅದಕ್ಕೂ ಮುನ್ನ, ತಪ್ಪು ನಿಜವಾಗಿಯೂ ಕ್ಲಿಪ್ಪಿನದೇ ಎಂದು ಖಚಿತಪಡಿಸಿಕೊಳ್ಳಿ. ಸೊಂಟದೊಳಗೆ ಹೋಲ್‌ಸ್ಟರ್ ಇಟ್ಟುಕೊಳ್ಳುವವರಿಗೆ ಪ್ಯಾಂಟಿನ ಸುತ್ತಳತೆ ಎಂದಿಗಿಂತ ಒಂದರಿಂದ ಎರಡು ಇಂಚು ಹೆಚ್ಚು ಬೇಕು. ಹಳೆಯ ಅಳತೆಯ ಪ್ಯಾಂಟಿನೊಳಗೇ ತುರುಕಿಕೊಂಡವರಿಗೆ ಎಂಥ ಹೋಲ್‌ಸ್ಟರೂ ಚುಚ್ಚುತ್ತದೆ. ಸೊಂಟದ ಮೂಳೆಯ ಮೇಲೆಯೇ ಕೂರಿಸಿದ್ದರೆ ಅದನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿದರೆ ಸಾಕಾದೀತು. ಕ್ಲಿಪ್ಪಿನ ಗಡಸುತನವಷ್ಟೇ ತೊಂದರೆಯಾಗಿದ್ದರೆ, ಗುಂಡಿ ಒತ್ತಿ ಮುಚ್ಚುವ ಮೆತ್ತನೆಯ ಪಟ್ಟಿಗಳಿರುವ ಹೋಲ್‌ಸ್ಟರನ್ನು ಒಮ್ಮೆ ಹಾಕಿ ನೋಡಿ. ನಾನೇ ಒಂದು ವರ್ಷ ಕ್ಲಿಪ್ಪನ್ನು ಬೈದುಕೊಂಡು ಓಡಾಡಿದ್ದೇನೆ. ಕೊನೆಗೆ ನೋಡಿದರೆ ನೋವು ಕೊಡುತ್ತಿದ್ದುದು ಹೋಲ್‌ಸ್ಟರಿನ ಕೆಳತುದಿಯ ಒಂದು ಹರಿತ ಅಂಚು. ಉಜ್ಜುಕಾಗದದಲ್ಲಿ ಹತ್ತು ನಿಮಿಷ ತಿಕ್ಕಿದ ಮೇಲೆ ಅದು ಸರಿಹೋಯಿತು.

ಇಷ್ಟೆಲ್ಲ ಮಾಡಿಯೂ ಕ್ಲಿಪ್ ಬೇಡವೆನಿಸಿದರೆ ಮುಂದಿನ ಮಾತು.

ಬಿಗಿತವನ್ನೇ ನಂಬಿದ ಮೆತ್ತನೆಯ ಒರೆ

ಕ್ಲಿಪ್ ಇಲ್ಲದ ಹೋಲ್‌ಸ್ಟರ್ ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಇದೇ. ಹೊರಗೆ ರಬ್ಬರಿನಂತೆ ಹಿಡಿಯುವ ಬಟ್ಟೆ, ನಡುವೆ ಫೋಮ್, ಒಳಗೆ ನುಣುಪಾದ ನೈಲಾನ್. ಹೊರಮೈ ಬಟ್ಟೆಗೆ ಅಂಟಿಕೊಳ್ಳುತ್ತದೆ, ಒಳಮೈ ಪಿಸ್ತೂಲನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಬೆಲ್ಟು ಮತ್ತು ಮೈಯ ನಡುವಿನ ಒತ್ತಡವೇ ಇದರ ಏಕೈಕ ಆಧಾರ. ಮೈಯ ಶಾಖಕ್ಕೆ ಫೋಮ್ ನಿಧಾನವಾಗಿ ಬಾಗಿ ಸೊಂಟದ ಆಕಾರ ಪಡೆಯುತ್ತದೆ. ಗಟ್ಟಿ ಮೂಲೆಯೊಂದೂ ಇಲ್ಲದಿರುವುದರಿಂದ ಮೊದಲ ದಿನದ ಆರಾಮದಲ್ಲಿ ಇದನ್ನು ಮೀರಿಸುವುದು ಕಷ್ಟ. ಬೆಲ್ಟಿನ ಮೇಲೆ ಏನೂ ಕಾಣಿಸದ ಕಾರಣ ಶರ್ಟನ್ನು ಪ್ಯಾಂಟಿನೊಳಗೆ ಸೇರಿಸುವವರಿಗೂ ಒಪ್ಪುತ್ತದೆ.

ಇದರ ಮಿತಿಯನ್ನು ತೂಕ ನಿರ್ಧರಿಸುತ್ತದೆ. ರೂಗರ್ ಎಲ್‌ಸಿಪಿಯಂಥ ಪುಟ್ಟ ಪಿಸ್ತೂಲು ಗುಂಡಿಲ್ಲದೆ ಸುಮಾರು 270 ಗ್ರಾಂ. ಸಿಗ್ ಪಿ365 ಸುಮಾರು 500 ಗ್ರಾಂ. ಗ್ಲಾಕ್ 19 ಖಾಲಿ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಸಮೇತ 670 ಗ್ರಾಂ ಆಸುಪಾಸು, ಗುಂಡು ತುಂಬಿದರೆ 850 ದಾಟುತ್ತದೆ. 9 ಮಿಲಿಮೀಟರಿನ ಒಂದು ಗುಂಡು ಸುಮಾರು 12 ಗ್ರಾಂ ಇರುತ್ತದೆ, ಹತ್ತು ಸೇರಿದರೆ 120. ಗುಂಡುಗಳ ಈ ಭಾರವೆಲ್ಲ ಹಿಡಿಕೆಯೊಳಗೆ, ಅಂದರೆ ಬೆಲ್ಟಿನ ಮೇಲ್ಭಾಗದಲ್ಲಿ ಕೂರುತ್ತದೆ. ಹಾಗಾಗಿ ದೊಡ್ಡ ಪಿಸ್ತೂಲು ಕೆಳಗೆ ಜಾರುವುದಕ್ಕಿಂತ ಹೆಚ್ಚಾಗಿ ಮೈಯಿಂದ ಹೊರಕ್ಕೆ ವಾಲುತ್ತದೆ. ಪುಟ್ಟ ಮತ್ತು ಮಧ್ಯಮ ಗಾತ್ರಕ್ಕೆ ಈ ಒರೆ ಚೆನ್ನ. ಗ್ಲಾಕ್ 19ರಷ್ಟು ಭಾರದ್ದಕ್ಕೆ ನಾನು ಇದನ್ನು ಸೂಚಿಸಲಾರೆ.

ಎರಡನೆಯ ಮಿತಿ ಇನ್ನೂ ಮುಖ್ಯ. ಪಿಸ್ತೂಲು ಹೊರಬಂದ ಕೂಡಲೇ ಬೆಲ್ಟಿನ ಒತ್ತಡಕ್ಕೆ ಒರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಸೊಂಟದಲ್ಲಿದ್ದಂತೆಯೇ ಅದರೊಳಗೆ ಪಿಸ್ತೂಲನ್ನು ಮರಳಿ ತುರುಕಲು ಹೋದರೆ ಮಡಚಿದ ಬಟ್ಟೆ ಟ್ರಿಗರಿಗೆ ಸಿಕ್ಕಿಕೊಳ್ಳಬಹುದು, ಇಲ್ಲವೇ ಬಾಯಿ ಬಿಡಿಸಲು ಹೋದ ಎಡಗೈ ನಳಿಗೆಯ ಮುಂದೆ ಬರುತ್ತದೆ. ಒರೆಯನ್ನು ಪೂರ್ತಿ ಹೊರತೆಗೆದು, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಪಿಸ್ತೂಲನ್ನು ಒರೆಯಲ್ಲಿ ಕೂರಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಸೇರಿಸಬೇಕು. ಪ್ರತಿ ಸಲವೂ ಹೀಗೇ. ಈ ಶಿಸ್ತು ತಮ್ಮಿಂದಾಗದು ಎನ್ನುವವರಿಗೆ ಮೆತ್ತನೆಯ ಒರೆ ಸಲ್ಲದು. ಹೊಟ್ಟೆಯ ಮುಂಭಾಗದಲ್ಲಿ ಒಯ್ಯುವವರಂತೂ ಇದನ್ನು ಮರೆಯಲೇಬಾರದು. ಅಲ್ಲಿ ನಳಿಗೆಯ ಎದುರಿಗೆ ತೊಡೆಯ ದೊಡ್ಡ ರಕ್ತನಾಳವಿದೆ.

ಇನ್ನೊಂದು ಸಂಗತಿಯನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳಲು ಮುಜುಗರಪಡುತ್ತಾರೆ: ಶೌಚಾಲಯ. ಬೆಲ್ಟು ಸಡಿಲವಾದ ಕ್ಷಣದಲ್ಲಿ ಈ ಒರೆಗೆ ಯಾವ ಆಧಾರವೂ ಉಳಿಯುವುದಿಲ್ಲ. ಕ್ಲಿಪ್ ಇದ್ದರೆ ಕನಿಷ್ಠ ಬೆಲ್ಟಿಗಾದರೂ ನೇತಾಡುತ್ತಿತ್ತು. ಇದು ನೆಲಕ್ಕೆ ಬೀಳುತ್ತದೆ, ಅಥವಾ ನೀರಿನ ತೊಟ್ಟಿಯ ಮೇಲೆ ಇಟ್ಟು ಮರೆತುಹೋಗುತ್ತದೆ. ಸಾರ್ವಜನಿಕ ಶೌಚಾಲಯದಲ್ಲಿ ಮರೆತ ಪಿಸ್ತೂಲು ಮುಂದಿನವನ ಕೈಗೆ ಸಿಗುತ್ತದೆ, ಅವನು ಏಳು ವರ್ಷದ ಹುಡುಗನೂ ಆಗಿರಬಹುದು. ಬೆಲ್ಟು ಬಿಚ್ಚುವ ಮೊದಲೇ ಪಿಸ್ತೂಲನ್ನು ಒರೆಯ ಸಮೇತ ಹೊರತೆಗೆಯಿರಿ. ಪ್ಯಾಂಟು ಕೆಳಗಿಳಿದ ಮೇಲೆ ಎರಡು ಕಾಲುಗಳ ನಡುವೆ, ಆ ಪ್ಯಾಂಟಿನ ಮಡಿಲಲ್ಲೇ ಇಟ್ಟುಕೊಳ್ಳಿ. ಅಲ್ಲಿದ್ದರೆ ಮರೆತು ಎದ್ದು ಹೋಗಲು ಸಾಧ್ಯವೇ ಇಲ್ಲ. ಪಿಸ್ತೂಲನ್ನು ಒರೆಯಿಂದ ಬೇರ್ಪಡಿಸುವ ಅಗತ್ಯ ಯಾವ ಹಂತದಲ್ಲೂ ಬೀಳಬಾರದು.

ಹೊರಮೈಗೆ ಬಟ್ಟೆಯ ನಾರು, ಬೆವರು ಮೆತ್ತಿಕೊಂಡರೆ ಹಿಡಿತ ಕುಗ್ಗುತ್ತದೆ. ಆಗಾಗ ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿದರೆ ಮತ್ತೆ ಮೊದಲಿನಂತಾಗುತ್ತದೆ. ಓಡುವವರಿಗೆ, ಎಲಾಸ್ಟಿಕ್ ಸೊಂಟದ ಪ್ಯಾಂಟು ಹಾಕುವವರಿಗೆ ಇದು ಆಗಿಬರುವುದಿಲ್ಲ. ಒತ್ತುವ ಬೆಲ್ಟೇ ಇಲ್ಲದಿದ್ದಾಗ ಒರೆ ನಿಲ್ಲುವುದಾದರೂ ಯಾವುದರ ಆಸರೆಯಲ್ಲಿ?

ಟ್ರಿಗರ್ ಮಾತ್ರ ಮುಚ್ಚುವ ಚಿಪ್ಪು

ಇದು ಹೋಲ್‌ಸ್ಟರನ್ನು ಅದರ ಸಾರಕ್ಕೆ ಇಳಿಸಿದ ರೂಪ. ಕೈಡೆಕ್ಸ್ ಅಥವಾ ಬೇರೆ ಗಟ್ಟಿ ಪ್ಲಾಸ್ಟಿಕ್ಕಿನ ಸಣ್ಣ ಚಿಪ್ಪು ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರಿನ ಸುತ್ತಲಿನ ಬಳೆಯ, ಮೇಲೆ ಕಚ್ಚಿಕೊಳ್ಳುತ್ತದೆ. ಅದರ ಒಂದು ತುದಿಗೆ ಹುರಿ, ಹುರಿಯ ಇನ್ನೊಂದು ತುದಿ ಬೆಲ್ಟಿಗೆ. ಪಿಸ್ತೂಲನ್ನು ಸೊಂಟಕ್ಕೆ ಸೇರಿಸಿದರೆ ಆಯಿತು. ಎಳೆದಾಗ ಹುರಿ ಬಿಗಿದು ಚಿಪ್ಪು ಕಳಚಿಕೊಳ್ಳುತ್ತದೆ. ಒರೆಯ ದಪ್ಪವೇ ಇಲ್ಲದ ಕಾರಣ ಮರೆಮಾಚುವುದರಲ್ಲಿ ಇದಕ್ಕೆ ಸಾಟಿಯಿಲ್ಲ.

ಆರಾಮದ ಲೆಕ್ಕ ಮಾತ್ರ ಇಲ್ಲಿ ತಿರುಗುಮುರುಗಾಗುತ್ತದೆ. ಮೆತ್ತನೆಯ ಒರೆಯಲ್ಲಿ ಮೈಗೂ ಲೋಹಕ್ಕೂ ನಡುವೆ ಫೋಮ್ ಇತ್ತು. ಇಲ್ಲಿ ಪಿಸ್ತೂಲಿನ ಮೇಲ್ಭಾಗದ ಲೋಹದ ಸ್ಲೈಡ್ ನೇರವಾಗಿ ಮೈಗೆ ತಾಗುತ್ತದೆ, ಗುರಿ ಹಿಡಿಯಲು ಅದರ ಮೇಲಿರುವ ಹಿಂದಿನ ಸೈಟಿನ ಮೂಲೆ ಚರ್ಮವನ್ನು ಕೆರೆಯುತ್ತದೆ, ಬೆವರು ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಒಳಗೊಂದು ಬನಿಯನ್ ಕಡ್ಡಾಯ. ಹುರಿ ಮಾಡುವುದು ಮೂರನೆಯ ಕೆಲಸವನ್ನಷ್ಟೇ. ಎತ್ತರ ಕಾಯುವುದನ್ನೂ ತಿರುಗದಂತೆ ತಡೆಯುವುದನ್ನೂ ಮತ್ತೆ ಬೆಲ್ಟಿನ ಬಿಗಿತಕ್ಕೇ ಬಿಟ್ಟಿದೆ. ಮರಳಿ ಇಡುವಾಗಲೂ ಅದೇ ನಿಯಮ: ಚಿಪ್ಪನ್ನು ಮೈಯಿಂದ ದೂರದಲ್ಲಿ, ಕಣ್ಣಿಂದ ನೋಡುತ್ತ ಕೂರಿಸಿದ ನಂತರವೇ ಸೊಂಟಕ್ಕೆ. ಚಿಪ್ಪು ನಿಮ್ಮ ಪಿಸ್ತೂಲಿನ ಮಾದರಿಗೆಂದೇ ಮಾಡಿದ್ದಾಗಿರಬೇಕು, ಸುಮಾರಾಗಿ ಹೊಂದುವುದು ನಡೆಯುವುದಿಲ್ಲ. ಪದೇ ಪದೇ ತೆಗೆದು ಹಾಕುವ ದಿನಚರಿಯವರಿಗಿಂತ, ಬೆಳಿಗ್ಗೆ ಒಮ್ಮೆ ಹಾಕಿದರೆ ರಾತ್ರಿಯವರೆಗೆ ಮುಟ್ಟದವರಿಗೆ ಇದು ಸರಿ.

ಜೇಬಿನೊಳಗಿನದು

ಜೇಬಿನ ಹೋಲ್‌ಸ್ಟರಿನಲ್ಲಿ ಕ್ಲಿಪ್ಪಿನ ಕೆಲಸವನ್ನು ಜೇಬೇ ಮಾಡುತ್ತದೆ. ಡಿಸ್ಯಾಂಟಿಸ್ ನೆಮಿಸಿಸ್ ಈ ಬಗೆಯಲ್ಲಿ ಹೆಸರಾದ ಮಾದರಿ: ಹೊರಗೆ ಅಂಟುವ ಮೈ, ಒಳಗೆ ನುಣುಪು. ಒರೆ ಪಿಸ್ತೂಲನ್ನು ನೆಟ್ಟಗೆ ನಿಲ್ಲಿಸಬೇಕು, ಟ್ರಿಗರನ್ನು ಮುಚ್ಚಬೇಕು, ಹೊರಗಿನಿಂದ ನೋಡಿದರೆ ಪರ್ಸೋ ಮೊಬೈಲೋ ಇರಬೇಕು ಎನ್ನುವಂತೆ ಆಕಾರವನ್ನು ಮಸುಕಾಗಿಸಬೇಕು. ಸೊಂಟದ ಸುತ್ತ ಏನೂ ಬೇಡವೇ ಬೇಡ ಎನ್ನುವವರಿಗೆ, ಬೆನ್ನುನೋವಿನವರಿಗೆ, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ ಇದಕ್ಕಿಂತ ಹಿತವಾದ ಬಗೆ ನನಗೆ ಕಂಡಿಲ್ಲ. ಪುಟ್ಟ ಪಿಸ್ತೂಲು, ಅಥವಾ ಹೊರಗೆ ಹ್ಯಾಮರ್ (ಗುಂಡು ಸಿಡಿಸುವ ಸುತ್ತಿಗೆ) ಚಾಚಿಕೊಂಡಿರದ ಸಣ್ಣ ರಿವಾಲ್ವರ್ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಚಾಚಿಕೊಂಡ ಹ್ಯಾಮರ್ ಎಳೆಯುವಾಗ ಜೇಬಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ.

ಕೊಡಬೇಕಾದ ಬೆಲೆಯೂ ಇದೆ. ಕುಳಿತಾಗ ಜೇಬಿನಿಂದ ಪಿಸ್ತೂಲು ತೆಗೆಯುವುದು ಬಹುತೇಕ ಅಸಾಧ್ಯ. ದಿನದ ಹೆಚ್ಚಿನ ಹೊತ್ತು ವಾಹನ ಓಡಿಸುವವರು ಈ ಬಗೆಯನ್ನು ಕೈಬಿಡುವುದೇ ಸರಿ. ಕುಳಿತಾಗ ನಳಿಗೆ ತೊಡೆಯುದ್ದಕ್ಕೂ ಮುಂದಕ್ಕೆ ಮುಖ ಮಾಡುತ್ತದೆ. ಆ ದಿಕ್ಕಿನಲ್ಲಿ ಯಾರು ಕುಳಿತಿದ್ದಾರೆ ಎಂಬ ಎಚ್ಚರ ಇರಬೇಕು. ಆ ಜೇಬಿನಲ್ಲಿ ಬೇರೆ ಏನೂ ಇರಬಾರದು: ಬೀಗದಕೈ, ನಾಣ್ಯ, ಪೆನ್ನು, ಯಾವುದೂ. ಒರೆಯಿಲ್ಲದೆ ಬರಿಯ ಪಿಸ್ತೂಲನ್ನು ಜೇಬಿಗೆ ಇಳಿಸುವವರನ್ನು ಕಂಡಿದ್ದೇನೆ. ಒಂದು ಬೀಗದಕೈ ಟ್ರಿಗರ್ ಗಾರ್ಡಿನೊಳಗೆ ನುಸುಳಿದರೆ ಸಾಕು, ಕಾಲಿಗೆ ಗುಂಡು ಹೊಕ್ಕಂತೆಯೇ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಾಗುವುದಿಲ್ಲ.

ಕೊಳ್ಳುವ ಮೊದಲು ಜೇಬನ್ನೇ ಪರೀಕ್ಷಿಸಿ. ಪಿಸ್ತೂಲು ಹಿಡಿದ ಮುಷ್ಟಿ ಅದರ ಬಾಯಿಯಿಂದ ಸಲೀಸಾಗಿ ಹೊರಬರುತ್ತದೆಯೇ? ಎಷ್ಟೋ ಪ್ಯಾಂಟುಗಳಲ್ಲಿ ಬರಿಗೈ ಒಳಹೋಗುತ್ತದೆ, ಮುಷ್ಟಿ ಹೊರಬರುವುದಿಲ್ಲ. ಎಳೆದಾಗ ಒರೆ ಜೇಬಿನಲ್ಲೇ ಉಳಿಯಬೇಕು. ಅದಕ್ಕೆಂದೇ ಕೆಲವು ಒರೆಗಳಿಗೆ ಜೇಬಿನ ಒಳಮೂಲೆಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುವ ಆಕಾರವಿರುತ್ತದೆ. ಜೇಬಿನ ತಳದ ನಾರು ನಳಿಗೆಗೂ ಕೀಲುಗಳಿಗೂ ಸೇರುತ್ತದೆ, ವಾರಕ್ಕೊಮ್ಮೆ ಬಿಚ್ಚಿ ಒರೆಸಿ.

ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿ

ಬೆಲ್ಟೇ ಇಲ್ಲದ ಉಡುಪಿನವರಿಗೆ ಇದು ಮೊದಲ ಉತ್ತರ. ಸುಮಾರು ನಾಲ್ಕು ಇಂಚು ಅಗಲದ ಎಲಾಸ್ಟಿಕ್, ಕೊನೆಗೆ ವೆಲ್ಕ್ರೋ, ನಡುವೆ ಪಿಸ್ತೂಲಿನ ಚೀಲ. ಭಾರ ಸೊಂಟದ ಸುತ್ತ ಹಂಚಿಹೋಗುವುದರಿಂದ ಒಂದೇ ಕಡೆ ಒತ್ತುವುದಿಲ್ಲ. ಸೊಂಟದ ಕೆಳಗೆ, ಹೊಕ್ಕುಳ ಮಟ್ಟದಲ್ಲಿ, ಎದೆಯ ಕೆಳಗೆ ಹೀಗೆ ಉಡುಪಿಗೆ ತಕ್ಕಂತೆ ಏರಿಸಿ ಇಳಿಸಬಹುದು.

ಅಗ್ಗದ ಪಟ್ಟಿಗಳಲ್ಲಿ ಟ್ರಿಗರಿನ ಮೇಲೆ ಬರಿಯ ಬಟ್ಟೆ ಇರುತ್ತದೆ. ಬಟ್ಟೆಯ ಮೇಲಿಂದಲೇ ಟ್ರಿಗರನ್ನು ಒತ್ತಲು ಸಾಧ್ಯ. ಖಾಲಿ ಪಿಸ್ತೂಲಿಟ್ಟು ಬೆರಳಿನಿಂದ ಒತ್ತಿ ನೋಡಿ, ನಿಮಗೇ ತಿಳಿಯುತ್ತದೆ. ಟ್ರಿಗರಿನ ಭಾಗಕ್ಕೆ ಗಟ್ಟಿ ಚಿಪ್ಪು ಇರುವ ಪಟ್ಟಿಯನ್ನಷ್ಟೇ ಕೊಳ್ಳಿ. ಸೆಖೆಯಲ್ಲಿ ಪಟ್ಟಿಯ ಕೆಳಗೆ ಬೆವರುಗುಳ್ಳೆ ಏಳುತ್ತದೆ, ಊಟದ ನಂತರ ಬಿಗಿಯೆನಿಸುತ್ತದೆ, ಬಗ್ಗಿ ಎದ್ದರೆ ಮೇಲಕ್ಕೆ ಸರಿಯುತ್ತದೆ. ಎಲಾಸ್ಟಿಕ್ ಒಂದಲ್ಲ ಒಂದು ದಿನ ಸೊರಗುತ್ತದೆ. ಒಂದನ್ನು ಒಗೆದು ಹಾಕಿದಾಗ ಇನ್ನೊಂದಿರಲಿ. ದಿನಕ್ಕೆ ಎರಡು ಮೂರು ತಾಸಿನ ಬಳಕೆಗೆ, ನಡಿಗೆಗೆ, ಇದು ಮೆತ್ತನೆಯ ಒರೆಗಿಂತ ಎಷ್ಟೋ ಮೇಲು. ಹನ್ನೆರಡು ತಾಸಿಗೆ ಅಲ್ಲ.

ಬೆಲ್ಟನ್ನೇ ಬಿಟ್ಟುಕೊಟ್ಟ ಗಟ್ಟಿ ಹೋಲ್‌ಸ್ಟರ್

ನಾನು ಈಗ ಧರಿಸುತ್ತಿರುವುದು ಈ ಬಗೆಯದು, ಆದ್ದರಿಂದ ನನ್ನ ಒಲವು ಇತ್ತಲೇ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಕೈಡೆಕ್ಸಿನ ಪೂರ್ಣ ಹೋಲ್‌ಸ್ಟರನ್ನು ಒಂದು ತೆಳುವಾದ ಫಲಕಕ್ಕೆ ತಿರುಪಿನಿಂದ ಬಿಗಿದಿರುತ್ತಾರೆ. ಆ ಫಲಕಕ್ಕೆ ತನ್ನದೇ ಆದ ತೆಳು ಸೊಂಟಪಟ್ಟಿ, ಜೊತೆಗೆ ತೊಡೆಗೆ ಸುತ್ತುವ ಒಂದು ಹುರಿ. ಪಿಸ್ತೂಲು ಎಳೆದಾಗ ಒರೆ ಮೇಲೇಳದಂತೆ ತೊಡೆಯ ಹುರಿ ಹಿಡಿಯುತ್ತದೆ. ಎತ್ತರವನ್ನೂ ದಿಕ್ಕನ್ನೂ ಸೊಂಟಪಟ್ಟಿ ಕಾಯುತ್ತದೆ. ಫಿಲ್‌ಸ್ಟರ್ ಎನಿಗ್ಮಾ ಈ ಬಗೆಗೆ ಹೆಸರುವಾಸಿ. ಪ್ಯಾಂಟಿಗೂ ಹೋಲ್‌ಸ್ಟರಿಗೂ ಸಂಬಂಧವೇ ಇಲ್ಲದ ಕಾರಣ ಉಡುಪು ಬದಲಾದರೂ ಪಿಸ್ತೂಲಿನ ಸ್ಥಾನ ಬದಲಾಗುವುದಿಲ್ಲ. ಕ್ಲಿಪ್ಪಿನ ಮೂರೂ ಕೆಲಸಗಳಿಗೆ ಪೂರ್ಣ ಉತ್ತರವಿರುವುದು ಇದೊಂದರಲ್ಲೇ. ಬಾಯಿ ಗಟ್ಟಿಯಾಗಿ ತೆರೆದೇ ಇರುವುದರಿಂದ, ಶರ್ಟನ್ನು ಪೂರ್ತಿ ಸರಿಸಿ ಕಣ್ಣಿಟ್ಟು ನೋಡುತ್ತ, ಸೊಂಟದಲ್ಲಿದ್ದಂತೆಯೇ ಪಿಸ್ತೂಲನ್ನು ಮರಳಿ ಇಡಬಹುದು.

ಮೊದಲ ವಾರ ಮಾತ್ರ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಫಲಕದ ಎತ್ತರ, ಓರೆ, ಪಟ್ಟಿಯ ಬಿಗಿ, ಹುರಿಯ ಉದ್ದ ಎಲ್ಲವನ್ನೂ ನಿಮ್ಮ ಮೈಗೆ ತಕ್ಕಂತೆ ಹೊಂದಿಸಬೇಕು. ಹುರಿ ಬಿಗಿಯಾದರೆ ಮೆಟ್ಟಿಲು ಹತ್ತುವಾಗ ಎಳೆಯುತ್ತದೆ, ಸಡಿಲವಾದರೆ ಒರೆ ಎದ್ದುಬರುತ್ತದೆ. ಗಟ್ಟಿ ಹೋಲ್‌ಸ್ಟರ್ ಮೈಗೆ ಒತ್ತುತ್ತದೆ ಎನ್ನುವವರಿಗೆ ಒಂದು ಉಪಾಯ: ಅದರ ಕೆಳತುದಿಯ ಒಳಭಾಗಕ್ಕೆ ಬೆಣೆಯಾಕಾರದ ಮೆತ್ತನೆಯ ಫೋಮ್ ಅಂಟಿಸಿ. ಕೆಳತುದಿ ಮೈಯಿಂದ ಹೊರಕ್ಕೆ ತಳ್ಳಲ್ಪಟ್ಟಾಗ ಹಿಡಿಕೆ ತಾನಾಗಿ ಒಳಕ್ಕೆ ವಾಲುತ್ತದೆ. ಒಂದೇ ಬೆಣೆ ಆರಾಮವನ್ನೂ ಕೊಡುತ್ತದೆ, ಪಿಸ್ತೂಲನ್ನೂ ಮರೆಮಾಚುತ್ತದೆ. ಹೊಟ್ಟೆ ಸ್ವಲ್ಪ ಮುಂದೆ ಬಂದವರಿಗೆ ಇದರಿಂದ ಆಗುವ ವ್ಯತ್ಯಾಸ ಹಾಕಿ ನೋಡಿದಾಗಲೇ ಗೊತ್ತಾಗುವುದು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಕೈಡೆಕ್ಸ್ ಬಿಡಬೇಡಿ. ಶಾಖಕ್ಕೆ ಮೆತ್ತಗಾಗಿ ಆಕಾರ ಪಡೆಯುವ ಪ್ಲಾಸ್ಟಿಕ್ ಅದು, ಅತಿಯಾದ ಬಿಸಿಗೆ ಹಿಡಿತ ಕೆಡಬಹುದು.

ಕಣಕಾಲಿನ ಹೋಲ್‌ಸ್ಟರಿಗೂ ಭುಜದ ಹೋಲ್‌ಸ್ಟರಿಗೂ ಕ್ಲಿಪ್ ಇಲ್ಲವೆಂಬುದು ನಿಜ. ಮೊದಲನೆಯದಕ್ಕೆ ಬಗ್ಗಬೇಕು, ಎರಡನೆಯದಕ್ಕೆ ಮೇಲೊಂದು ಕೋಟು ಸದಾ ಇರಬೇಕು. ದಿನವಿಡೀ ಆಸನದಲ್ಲೇ ಇರುವವರನ್ನು ಬಿಟ್ಟರೆ ಇವೆರಡೂ ಮುಖ್ಯ ಆಯ್ಕೆಯಾಗುವುದು ಅಪರೂಪ. ಚರ್ಮದ ಕ್ಲಿಪ್ ರಹಿತ ಒರೆಗಳೂ ಸಿಗುತ್ತವೆ, ಮೈಗೆ ಬಹಳ ಹಿತ. ಆದರೆ ಹಳೆಯದಾಗಿ ಮೆತ್ತಗಾದ ಚರ್ಮದ ಬಾಯಿ ಒಳಕ್ಕೆ ಮಡಚಿ ಟ್ರಿಗರನ್ನು ತಳ್ಳಬಲ್ಲದು. ಅಂಚು ಸೊರಗಿದ ದಿನವೇ ಬದಲಿಸಿ.

ಮನೆಯಲ್ಲೇ ಮಾಡುವ ಪರೀಕ್ಷೆ

ಮ್ಯಾಗಜಿನ್ ತೆಗೆಯಿರಿ, ಚೇಂಬರನ್ನು, ಅಂದರೆ ನಳಿಗೆಯ ಹಿಂಬದಿಯಲ್ಲಿ ಗುಂಡು ಕೂರುವ ಜಾಗವನ್ನು, ಕಣ್ಣಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಪಿಸ್ತೂಲನ್ನು ಒರೆಯಲ್ಲಿಟ್ಟು ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಅಲುಗಿಸಿ. ಗಟ್ಟಿ ಹೋಲ್‌ಸ್ಟರ್ ಮತ್ತು ಚಿಪ್ಪು ಹಿಡಿದೇ ಇರಬೇಕು. ಮೆತ್ತನೆಯ ಒರೆ ಬರಿಗೈಯಲ್ಲಿ ಬಿಟ್ಟುಕೊಟ್ಟೀತು, ಅದರ ಪರೀಕ್ಷೆಯನ್ನು ಬೆಲ್ಟಿನೊಳಗೆ ಮಾಡಬೇಕು. ಒರೆಯ ಹೊರಗಿನಿಂದ ಟ್ರಿಗರ್ ಬೆರಳಿಗೆ ಸಿಗುತ್ತದೆಯೇ ಎಂದು ಎಲ್ಲ ಬದಿಯಿಂದಲೂ ಒತ್ತಿ ನೋಡಿ. ಸಿಕ್ಕರೆ ಮುಂದಿನ ಪರೀಕ್ಷೆಯೇ ಬೇಡ.

ಆಮೇಲೆ ನಕಲಿ ಗುಂಡುಗಳನ್ನು ತುಂಬಿ ನಿಜವಾದ ತೂಕಕ್ಕೆ ಆದಷ್ಟು ಹತ್ತಿರ ತಂದುಕೊಂಡು ಒಂದು ರಜೆಯ ದಿನವಿಡೀ ಧರಿಸಿ. ನಿಮ್ಮ ದಿನ ಹೇಗಿರುತ್ತದೋ ಹಾಗೆಯೇ ಇರಿ: ಕುರ್ಚಿಯಲ್ಲಿ ಎರಡು ತಾಸು ಕುಳಿತುಕೊಳ್ಳಿ, ಬೂಟಿನ ದಾರ ಕಟ್ಟಿ, ಮಗುವನ್ನು ಎತ್ತಿಕೊಳ್ಳಿ, ಸೀಟುಪಟ್ಟಿ ಹಾಕಿ ತೆಗೆಯಿರಿ, ಮೇಲಿನ ಕಪಾಟಿಗೆ ಕೈ ಚಾಚಿ. ನಿಧಾನವಾಗಿ ಇಪ್ಪತ್ತು ಸಲ ಎಳೆದು ನೋಡಿ. ಒಂದೇ ಒಂದು ಸಲ ಒರೆಯೂ ಜೊತೆಗೆ ಬಂದರೆ ಅದು ಅನುತ್ತೀರ್ಣ. ನೋವು ಎಷ್ಟಾಯಿತು ಎಂಬುದರ ಜೊತೆಗೆ ಕೈ ಎಷ್ಟು ಸಲ ಅತ್ತ ಹೋಯಿತು ಎಂಬುದನ್ನೂ ಮನೆಯವರೊಬ್ಬರಿಗೆ ಎಣಿಸಲು ಹೇಳಿ. ಅಂಗಿಯ ಮೇಲಿಂದ ಮತ್ತೆ ಮತ್ತೆ ಸರಿಮಾಡಿಕೊಳ್ಳುವ ಕೈ ಆಯುಧವಿರುವ ಜಾಗವನ್ನು ನೋಡುವವರಿಗೆಲ್ಲ ತೋರಿಸಿಕೊಡುತ್ತದೆ. ಮೂರನೆಯ ದಿನವೂ ಕೈ ಹೋಗುತ್ತಲೇ ಇದ್ದರೆ, ಎಷ್ಟೇ ಮೆತ್ತಗಿರಲಿ, ಆ ಹೋಲ್‌ಸ್ಟರನ್ನು ಹಿಂದಿರುಗಿಸಿ ಇನ್ನೊಂದು ಬಗೆಯನ್ನು ನೋಡಿ.